ಅಮೆರಿಕದ ಮಾವನ ಪತ್ರಕ್ಕೆ ಮೆಡಿಕಲ್ ಸೀಟ್ ಸಿಗುತ್ತಾ?

ಈ ವಾರದ ಸಂಚಿಕೆ ಸ್ವಲ್ಪ ಉದ್ದ ಆಗುತ್ತೆ, ಅದಕ್ಕೆ ಪೀಠಿಕೆ ಹಾಕದೆ ನೇರವಾಗಿ ವಿಷಯಕ್ಕೆ ಬರ್ತೀನಿ.

ನೀಟ್ ಫಲಿತಾಂಶ ಬಂದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೇಳುಗರು ನನಗೆ ಕಳಿಸೋ ಪ್ರಶ್ನೆಗಳಲ್ಲಿ ಎರಡು ಮತ್ತೆ ಮತ್ತೆ ಬರ್ತವೆ. ಒಂದು: "ನಮ್ಮ ದೊಡ್ಡಪ್ಪ ಬೆಂಗಳೂರಲ್ಲಿ ದೊಡ್ಡ ಡಾಕ್ಟರು. ಅವರ ಹತ್ರ ಒಂದು ಶಿಫಾರಸು ಪತ್ರ ಬರೆಸಿ ಅರ್ಜಿ ಜೊತೆ ಇಟ್ರೆ ಏನಾದ್ರೂ ಉಪಯೋಗ ಆಗುತ್ತಾ?" ಇನ್ನೊಂದು: "ಅಮೆರಿಕದಲ್ಲಿರೋ ಮಾವ ಒಂದು ಲೆಟರ್ ಕೊಟ್ರೆ ಮಾರ್ಕ್ಸ್ ಕಡಿಮೆ ಇದ್ರೂ ಸೀಟ್ ಆಗುತ್ತಂತೆ, ಹೌದಾ?" ಮೊದಲನೆಯದಕ್ಕೆ ಎರಡು ನಿಮಿಷದಲ್ಲಿ ಉತ್ತರ ಹೇಳಬಹುದು. ಎರಡನೆಯದಕ್ಕೆ ಒಂದು ಸಂಚಿಕೆನೇ ಬೇಕು. ಯಾಕಂದ್ರೆ ಅದರಲ್ಲಿ ಸ್ವಲ್ಪ ನಿಜ ಇದೆ. ಆ ಸ್ವಲ್ಪ ನಿಜವನ್ನೇ ಹಿಡ್ಕೊಂಡು ಏಜೆಂಟರು ಜನರ ತೋಟ ಅಡ ಇಡಿಸ್ತಾರೆ.

ನಾನು ಓದಿದ್ದು ಬಿ.ಕಾಂ. ಕಾನೂನೂ ಓದಿಲ್ಲ, ಮೆಡಿಕಲ್ಲೂ ಓದಿಲ್ಲ. ಆದ್ರೆ ಕಾಗದ ಓದೋದು, ಲೆಕ್ಕ ಹಾಕೋದು ಎರಡೂ ಬರುತ್ತೆ. ಈ ವಿಷಯಕ್ಕೆ ಬೇಕಾಗಿರೋದೂ ಅಷ್ಟೇ.

ಮೊದಲು ಡಾಕ್ಟರ್ ದೊಡ್ಡಪ್ಪನ ಪತ್ರ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದ್ರೆ ಕೆಇಎ ಅರ್ಜಿಯಲ್ಲಿ ಅಂಥ ಪತ್ರ ಲಗತ್ತಿಸೋಕೆ ಜಾಗವೇ ಇಲ್ಲ. ನೀಟ್ ರ‍್ಯಾಂಕ್, ನಿಮ್ಮ ಮೀಸಲಾತಿ ವರ್ಗ, ನೀವು ಕೊಟ್ಟ ಆಯ್ಕೆಗಳ ಪಟ್ಟಿ, ಈ ಮೂರನ್ನು ಕಂಪ್ಯೂಟರ್ ನೋಡುತ್ತೆ, ಸೀಟ್ ಹಂಚುತ್ತೆ. ದೊಡ್ಡಪ್ಪ ಎಷ್ಟು ಚೆನ್ನಾಗಿ ಇಂಗ್ಲಿಷ್ ಬರೆದ್ರೂ ಅದಕ್ಕೆ ಗೊತ್ತಾಗಲ್ಲ.

ಶಿಫಾರಸು ಪತ್ರ ಅನ್ನೋದು ನಿಜವಾಗಿ ಬೇಕಾಗೋದು ಹೊರದೇಶದಲ್ಲಿ. ಅಮೆರಿಕದ ಮೆಡಿಕಲ್ ಕಾಲೇಜುಗಳು ಪಾಠ ಮಾಡಿದ ಪ್ರೊಫೆಸರುಗಳಿಂದ, ಜೊತೆಗೆ ಕೆಲಸ ಮಾಡಿಸಿದ ವೈದ್ಯರಿಂದ ಪತ್ರ ಕೇಳ್ತವೆ. ಬ್ರಿಟನ್ನಿನಲ್ಲಿ ಯುಕಾಸ್ ಅನ್ನೋ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು, ಅಲ್ಲಿ ಶಾಲೆಯಿಂದ ಒಂದು ಪತ್ರ ಹೋಗುತ್ತೆ. ಬಂಧುಗಳು, ಸ್ನೇಹಿತರು ಬರೆಯೋ ಹಾಗಿಲ್ಲ ಅಂತ ಅವರ ನಿಯಮದಲ್ಲೇ ಇದೆ. ಅಂದ್ರೆ ಪತ್ರ ಕೇಳೋ ಊರಲ್ಲಿ ಬಂಧುವಿನ ಪತ್ರ ನಡೆಯಲ್ಲ. ನಮ್ಮಲ್ಲಿ ಪತ್ರವನ್ನೇ ಕೇಳಲ್ಲ, ಆದ್ರೆ ಬಂಧುವನ್ನು ಕೇಳೋ ಒಂದು ಕಿಟಕಿ ಇದೆ. ಆ ಕಿಟಕಿ ಹತ್ರ ಆಮೇಲೆ ಹೋಗೋಣ.

ಅದಕ್ಕಿಂತ ಮುಂಚೆ ಒಂದು ಸಂಗತಿ. "ಯಾರಿಗಾದ್ರೂ ಹೇಳಿಸಿದ್ರೆ ಆಗುತ್ತೆ" ಅನ್ನೋ ನಮ್ಮ ಹಿರಿಯರ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 1960ರ ದಶಕದ ಮೊದಲಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ಸಂದರ್ಶನ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅಂಕ ಸಂದರ್ಶನಕ್ಕೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ, ಇವೆಲ್ಲ ನೋಡಿ ಸಮಿತಿ ಅಂಕ ಹಾಕಬೇಕಿತ್ತು. ಇದನ್ನು ಪ್ರಶ್ನೆ ಮಾಡಿದ ಕೇಸು ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ, ಸುಪ್ರೀಂ ಕೋರ್ಟ್ ತೀರ್ಪು 1964ರ ಜನವರಿಯಲ್ಲಿ ಬಂತು. ಕೋರ್ಟು ಸಂದರ್ಶನ ಪದ್ಧತಿಯನ್ನ ರದ್ದು ಮಾಡಲಿಲ್ಲ. ದುರುಪಯೋಗ ಆಗಬಹುದು ಅನ್ನೋ ಒಂದೇ ಕಾರಣಕ್ಕೆ ಪದ್ಧತಿಯೇ ತಪ್ಪು ಅನ್ನೋಕಾಗಲ್ಲ ಅನ್ನೋದು ಅದರ ವಾದದ ಸಾರ.

ಈಗ ನೀವೇ ಯೋಚನೆ ಮಾಡಿ. ನೂರಕ್ಕೆ ಇಪ್ಪತ್ತೈದು. ಬಸ್ ಹತ್ತಿ ಬೆಂಗಳೂರಿಗೆ ಹೋದ ಮಲೆನಾಡಿನ ಹುಡುಗ, ಎದುರಿಗೆ ಸೂಟು ಹಾಕಿದ ಸಮಿತಿ. "ಯಾವೂರು? ಯಾರ ಮಗ?" ನಮ್ಮಲ್ಲಿ ಇದು ಬಸ್‌ಸ್ಟ್ಯಾಂಡಲ್ಲಿ ಸಿಕ್ಕ ಅಪರಿಚಿತರನ್ನೂ ಕೇಳೋ ಪ್ರಶ್ನೆ, ತಪ್ಪೇನಿಲ್ಲ. ಆದ್ರೆ ಉತ್ತರಕ್ಕೆ ಅಂಕ ಇದ್ರೆ?

ಇದು ನನ್ನ ಕಲ್ಪನೆ ಅಂದ್ಕೋಬೇಡಿ. ಹದಿನಾರು ವರ್ಷ ಆದ್ಮೇಲೆ, 1980ರ ನವೆಂಬರಿನಲ್ಲಿ ಅಜಯ್ ಹಾಸಿಯಾ ಕೇಸಿನ ತೀರ್ಪು ಬಂತು. ಅದು ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರಕರಣ. ಬರಹಕ್ಕೆ 100 ಅಂಕ, ಸಂದರ್ಶನಕ್ಕೆ 50. ಎರಡು ಮೂರು ನಿಮಿಷದ ಸಂದರ್ಶನ, ಅದರಲ್ಲಿ ಕೇಳಿದ್ದು ತಂದೆ ತಾಯಿ ಯಾರು, ಮನೆ ಎಲ್ಲಿ ಅನ್ನೋದನ್ನ ಅಂತ ವಿದ್ಯಾರ್ಥಿಗಳ ದೂರು. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಟ್ರೆ ಅದು ಮನಸೋಇಚ್ಛೆ ಆಗುತ್ತೆ ಅಂತ ಕೋರ್ಟು ಗೆರೆ ಎಳೀತು. ಸಂದರ್ಶನವನ್ನ ಟೇಪ್ ರೆಕಾರ್ಡ್ ಮಾಡಿದ್ರೆ ಒಳ್ಳೇದು ಅಂತಲೂ ಹೇಳಿತು. ರೆಕಾರ್ಡಿಂಗ್ ಮಾಡಿ ಹೊಟ್ಟೆ ಹೊರೆಯೋ ನನಗೆ ಈ ತೀರ್ಪಿನಲ್ಲಿ ಇಷ್ಟವಾದ ಸಾಲು ಅದು.

ಆಮೇಲಿನ ಕಥೆ ನಿಮಗೆ ಗೊತ್ತಿರುತ್ತೆ, ಬೇಗ ಹೇಳಿ ಮುಗಿಸ್ತೀನಿ. ಎಂಬತ್ತರ ದಶಕ ಕ್ಯಾಪಿಟೇಷನ್ ಕಾಲ. ಮೀರತ್‌ನ ಮೋಹಿನಿ ಜೈನ್ ಅನ್ನೋ ವಿದ್ಯಾರ್ಥಿನಿ ತುಮಕೂರಿನ ಶ್ರೀ ಸಿದ್ಧಾರ್ಥ ಮೆಡಿಕಲ್ ಕಾಲೇಜಿನ ಸೀಟಿನ ವಿಚಾರಕ್ಕೆ ಸುಪ್ರೀಂ ಕೋರ್ಟಿಗೆ ಹೋದ್ರು. ಆಗ ಕರ್ನಾಟಕ ಸರ್ಕಾರದ 1989ರ ಅಧಿಸೂಚನೆ ಪ್ರಕಾರ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. 1992ರ ಜುಲೈನಲ್ಲಿ ಕೋರ್ಟು ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, 1994ರಿಂದ ನಮ್ಮಲ್ಲಿ ಸಿಇಟಿ. ಹಳ್ಳಿ ಶಾಲೆಯ ಮಕ್ಕಳು ಯಾರಿಗೂ ಕೈ ಮುಗಿಯದೆ ಡಾಕ್ಟರಾಗಬಹುದು ಅನ್ನೋ ಧೈರ್ಯ ನಮ್ಮ ಕಡೆ ಬಂದದ್ದು ಆ ಸಿಇಟಿಯಿಂದ ಅಂತ ನಾನು ನಂಬಿದ್ದೀನಿ. 2016ರ ನಂತರ ಮೆಡಿಕಲ್ಲಿಗೆ ನೀಟ್ ಬಂತು.

ಈಗ ಆ ಕಿಟಕಿ.

ಖಾಸಗಿ ಕಾಲೇಜುಗಳಲ್ಲಿ ಅನಿವಾಸಿ ಭಾರತೀಯರಿಗೆ ಅಂತ ಒಂದಷ್ಟು ಸೀಟು ಇರುತ್ತೆ. 2005ರ ಆಗಸ್ಟಿನಲ್ಲಿ ಪಿ.ಎ. ಇನಾಂದಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಶೇ. 15ರ ಮಿತಿ ಹಾಕಿತು. ಜೊತೆಗೆ ಷರತ್ತುಗಳು: ನಿಜವಾದ ಅನಿವಾಸಿಗಳು, ಅವರ ಮಕ್ಕಳು ಅಥವಾ ಅವರ ಪೋಷಣೆಯಲ್ಲಿರೋ ಮಕ್ಕಳಿಗೆ ಮಾತ್ರ. ಆ ಕೋಟಾದ ಒಳಗೂ ಮೆರಿಟ್ ನೋಡಬೇಕು. ಬಂದ ದುಡ್ಡಿನಿಂದ ಬಡ ವಿದ್ಯಾರ್ಥಿಗಳಿಗೆ ಅನುಕೂಲ ಆಗಬೇಕು. 150 ಸೀಟಿನ ಕಾಲೇಜಾದ್ರೆ ಸುಮಾರು 22 ಸೀಟು. ಕೆಇಎ ಪಟ್ಟಿಯಲ್ಲಿ ಇವು 'ಎನ್' ಅಂತ ಬರುತ್ತೆ. ಸರ್ಕಾರಿ ಸೀಟು 'ಜಿ', ಖಾಸಗಿ 'ಪಿ', ಇತರೆ ಅನ್ನೋದು 'ಕ್ಯೂ'.

ಇಲ್ಲೇ 'ಪೋಷಣೆಯಲ್ಲಿರೋ ಮಕ್ಕಳು' ಅನ್ನೋ ಪದ ಬಾಗಿಲು ತೆಗೀತು. ಅಕ್ಕನ ಮಗಳು ಪೋಷಣೆಯಲ್ಲಿದ್ದಾಳೆ ಅಂತ ತಮ್ಮ ಬರೆದುಕೊಟ್ರೆ? ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಹಂಚೋದು ದೆಹಲಿಯ ಎಂಸಿಸಿ. ಭಾರತೀಯ ಅಂತ ಅರ್ಜಿ ಹಾಕಿದ ವಿದ್ಯಾರ್ಥಿ ಎನ್‌ಆರ್‌ಐ ವರ್ಗಕ್ಕೆ ಬದಲಾಗೋಕೆ ಅದು ಪ್ರತಿ ವರ್ಷ ಅವಕಾಶ ಕೊಡುತ್ತೆ. ಅದಕ್ಕೆ ಆಧಾರವಾಗಿ ತೋರಿಸೋದು 2017ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ. ತಮಾಷೆ ಅಂದ್ರೆ ಆ ಕೇಸು ಹಾಕಿದ್ದೂ ನಮ್ಮವರೇ, ಕರ್ನಾಟಕದ ಡೀಮ್ಡ್ ವಿಶ್ವವಿದ್ಯಾಲಯಗಳ ಒಕ್ಕೂಟ. ಕೇಳೋ ಕಾಗದಗಳು ಇವು: ಪ್ರಾಯೋಜಕರ ಪಾಸ್‌ಪೋರ್ಟ್, ವೀಸಾ, ಅವರಿಗೂ ವಿದ್ಯಾರ್ಥಿಗೂ ಇರೋ ಸಂಬಂಧದ ದಾಖಲೆ, ಕೋರ್ಸಿನ ಪೂರ್ತಿ ಶುಲ್ಕ ನಾನೇ ಕಟ್ತೀನಿ ಅಂತ ನೋಟರಿ ಆದ ಅಫಿಡವಿಟ್, ರಾಯಭಾರ ಕಚೇರಿಯ ಪ್ರಮಾಣಪತ್ರ, ನೀಟ್ ಅಂಕಪಟ್ಟಿ.

ಪಟ್ಟಿಯಲ್ಲಿ ಕೊನೆಯದನ್ನು ಗಮನಿಸಿ. ನೀಟ್‌ನಲ್ಲಿ ಅರ್ಹತೆ ಪಡೀಲೇಬೇಕು, ರ‍್ಯಾಂಕ್ ಪ್ರಕಾರವೇ ಸೀಟು. ಮಾವನ ಪತ್ರದಿಂದ ಸಾಲು ಬದಲಾಗುತ್ತೆ, ಸಾಲಿಲ್ಲದೆ ಒಳಗೆ ಹೋಗೋಕಾಗಲ್ಲ. ಹಾಗಾಗಿ "ಲೆಟರ್ ತಂದ್ಕೊಡಿ, ಸೀಟ್ ಗ್ಯಾರಂಟಿ" ಅಂತ ಯಾರಾದ್ರೂ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಕೆಇಎ ಮೂಲಕ ಹೋಗೋರು ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಎನ್‌ಆರ್‌ಐ ಅಂದ್ರೆ ಯಾರು ಅನ್ನೋ ಭಾಗವನ್ನ ಸ್ವತಃ ಓದಿ. ವಾಟ್ಸಾಪ್‌ನಲ್ಲಿ ಬಂದ ಹೋದ ವರ್ಷದ ಪಿಡಿಎಫ್ ನಂಬಬೇಡಿ.

ಈ 'ಸಂಬಂಧದ ದಾಖಲೆ' ಇದೆಯಲ್ಲ, ನಿಜವಾದ ಗೋಜಲು ಅಲ್ಲಿರೋದು. ನಮ್ಮ ಭಾಷೆಯಲ್ಲಿ ಮಾವ ಅಂದ್ರೆ ಎಷ್ಟು ಜನ? ಅಮ್ಮನ ಅಣ್ಣ ತಮ್ಮ ಮಾವ. ಸೋದರತ್ತೆ ಗಂಡನೂ ಮಾವ. ಹೆಂಡತಿ ಅಪ್ಪನೂ ಮಾವ. ಅಮ್ಮನ ತಂಗಿ ಗಂಡ ಚಿಕ್ಕಪ್ಪ, ಅಪ್ಪನ ತಮ್ಮನೂ ಚಿಕ್ಕಪ್ಪ. ಮನೆಯಲ್ಲಿ ಇವರಲ್ಲಿ ಯಾರೂ ಕಮ್ಮಿ ಅಲ್ಲ. ಆದ್ರೆ ಪ್ರವೇಶದ ನಿಯಮಕ್ಕೆ ಬೇಕಾಗಿರೋದು ರಕ್ತಸಂಬಂಧ. ಅಮ್ಮನ ತಮ್ಮ ಆದ್ರೆ ಹೌದು, ಅತ್ತೆಯ ಗಂಡ ಆದ್ರೆ ಅಲ್ಲ. ಅಲ್ಲಿ ಬರೀಬೇಕಾದವಳು ಅತ್ತೆ.

ಆದಾಯ ತೆರಿಗೆ ಕಾನೂನಿಗೆ ಬಂದ್ರೆ ಬಂಧುಗಳ ಪಟ್ಟಿ ಮತ್ತೆ ಬೇರೆ. ಇದು ಬಿ.ಕಾಂ. ಓದಿದ್ದಕ್ಕೆ ನನಗೆ ನೆನಪಿರೋ ಕೆಲವೇ ಸಂಗತಿಗಳಲ್ಲಿ ಒಂದು. ಒಂದು ವರ್ಷದಲ್ಲಿ ಉಡುಗೊರೆಯಾಗಿ ಬಂದ ದುಡ್ಡು 50,000 ರೂಪಾಯಿ ದಾಟಿದ್ರೆ ಪಡೆದವರ ಆದಾಯ ಅಂತ ತೆರಿಗೆ ಬೀಳುತ್ತೆ, ಕೊಟ್ಟವರು 'ಬಂಧು' ಆಗಿದ್ರೆ ಬೀಳಲ್ಲ. ಆ ಬಂಧು ಪಟ್ಟಿಯಲ್ಲಿ ಅಪ್ಪ ಅಮ್ಮನ ಒಡಹುಟ್ಟಿದವರು ಇದ್ದಾರೆ, ಅವರ ಗಂಡ ಹೆಂಡಿರೂ ಇದ್ದಾರೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಇಲ್ಲ. ಅಂದ್ರೆ ಪ್ರವೇಶದಲ್ಲಿ ಲೆಕ್ಕಕ್ಕೆ ಬರದ ಅತ್ತೆ ಗಂಡ ತೆರಿಗೆಯಲ್ಲಿ ಬಂಧು. ಜೊತೆಯಲ್ಲೇ ಬೆಳೆದ ದೊಡ್ಡಪ್ಪನ ಮಗ ತೆರಿಗೆಯವರ ಕಣ್ಣಲ್ಲಿ ಹೊರಗಿನವನು. ಅವನು ಕ್ಯಾಲಿಫೋರ್ನಿಯಾದಿಂದ ನಿಮ್ಮ ಖಾತೆಗೆ ಶುಲ್ಕದ ದುಡ್ಡು ಹಾಕಿದ್ರೆ ಅದು ನಿಮ್ಮ ಆದಾಯ. ಇದನ್ನ ಯಾವ ಏಜೆಂಟನೂ ಹೇಳಲ್ಲ. ಒಬ್ಬ ಒಳ್ಳೆ ಸಿಎ ಹತ್ರ ಅರ್ಧ ಗಂಟೆ ಕೂತು ಬನ್ನಿ.

ಇನ್ನೊಂದು. ಗ್ರೀನ್ ಕಾರ್ಡ್ ಇದ್ರೂ ಮಾವ ಭಾರತದ ಪ್ರಜೆಯೇ, ಅವರು ಅನಿವಾಸಿ ಭಾರತೀಯ. ಅಮೆರಿಕದ ಪೌರತ್ವ ತಗೊಂಡಿದ್ರೆ ಅವರು ಭಾರತದ ಪ್ರಜೆ ಅಲ್ಲ, ಒಸಿಐ ಕಾರ್ಡ್ ಇದ್ರೂ ಅಲ್ಲ. "ಇಪ್ಪತ್ತೈದು ವರ್ಷದಿಂದ ಅಲ್ಲೇ ಇದ್ದಾನೆ ಮಾರಾಯ್ರೆ, ಇನ್ನೆಂತ ಎನ್‌ಆರ್‌ಐ ಬೇಕು" ಅಂತ ಒಬ್ಬರು ನನ್ನ ಮೇಲೆ ರೇಗಿದ್ರು. ಎಷ್ಟು ವರ್ಷ ಅನ್ನೋದಲ್ಲ, ಕೈಯಲ್ಲಿ ಯಾವ ಪಾಸ್‌ಪೋರ್ಟ್ ಅನ್ನೋದು ಮೊದಲ ಪ್ರಶ್ನೆ.

ತೀರ್ಥಹಳ್ಳಿ ತಾಲೂಕಿನ ಒಬ್ಬ ಕೇಳುಗರು ನನ್ನ ಹತ್ರ ಮಾತಾಡಿದ್ದನ್ನ ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಹೆಸರು, ಊರು ಬೇಡ ಅಂದಿದ್ದಾರೆ. ಮಗಳು ನೀಟ್ ಬರೆದಿದ್ದಾಳೆ, ಅರ್ಹತೆ ಬಂದಿದೆ, ಸರ್ಕಾರಿ ಸೀಟು ಬರೋ ರ‍್ಯಾಂಕ್ ಅಲ್ಲ. ಇವರ ತಮ್ಮ ಅಮೆರಿಕದಲ್ಲಿ. ಫೋನ್ ಮಾಡಿದ ತಕ್ಷಣ ಅವನು "ಅದಕ್ಕೇನಕ್ಕ, ಕಳಿಸು, ಸೈನ್ ಮಾಡ್ತೀನಿ" ಅಂದ. ಅಕ್ಕ ತಮ್ಮ ಅಂತ ತೋರಿಸೋಕೆ ವಂಶವೃಕ್ಷ ಬೇಕು ಅಂತ ಏಜೆಂಟ್ ಹೇಳಿದ. ನಾಡಕಚೇರಿಯಿಂದ ಹಿಂದೆ ಮಾಡಿಸಿದ್ದು ಮನೇಲೇ ಇತ್ತು, ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ಅಂತ ಮಾಡಿಸಿದ್ದು. ತೆಗೆದು ನೋಡಿದ್ರೆ ಅದರಲ್ಲಿ ಅಣ್ಣ ತಮ್ಮಂದಿರ ಹೆಸರಿದೆ, ಇವರ ಹೆಸರೇ ಇಲ್ಲ. ತಂಗಿಯದೂ ಇಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಹೋದವರು, ಯಾಕೆ ಅಂತ ಬಿಟ್ಟಿದ್ದಾರೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂತು, ಇಡೀ ದೇಶಕ್ಕೆ 2005ರಲ್ಲಿ. ಕಾಗದ ಮಾತ್ರ ಹಳೇ ಪದ್ಧತಿಯಲ್ಲೇ ಇತ್ತು.

"ಪಾಲು ಬೇಡ ಅಂತ ನಾನೇ ಸೈ ಹಾಕಿಕೊಟ್ಟಿದ್ದೆ, ಅದಕ್ಕೆ ಬೇಜಾರಿಲ್ಲ. ಆದ್ರೆ ನಾನು ಆ ಮನೇಲಿ ಹುಟ್ಟೇ ಇಲ್ಲ ಅಂತ ಸರ್ಕಾರದ ಕಾಗದದಲ್ಲಿ ಇದೆಯಲ್ಲ" ಅಂದ್ರು ಅವರು. ಮೆಡಿಕಲ್ ಸೀಟಿನ ಬಗ್ಗೆ ಮಾತಾಡೋಕೆ ಫೋನ್ ಮಾಡಿದ್ದವರು ಆಮೇಲೆ ಸುಮಾರು ಹೊತ್ತು ಇದನ್ನೇ ಮಾತಾಡಿದ್ರು.

ಇಂಥ ಸಂದರ್ಭದಲ್ಲಿ ಬೇರೆ ದಾಖಲೆಗಳ ದಾರಿ ಇರುತ್ತೆ. ಅಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವರ ಅಪ್ಪನ ಹೆಸರು, ಮಾವನ ಭಾರತೀಯ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ಅವರ ಅಪ್ಪ ಅಮ್ಮನ ಹೆಸರು. ಎರಡೂ ತಾಳೆ ಆದ್ರೆ ಒಂದು ಆಧಾರ. ತಾಳೆ ಆಗೋದೇ ಕಷ್ಟ ಬಿಡಿ: ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಮನೆ ಹೆಸರು, ಅಣ್ಣನಿಗೆ ಹೆಗಡೆ, ತಮ್ಮನಿಗೆ ಭಟ್. ಸಾಗರ, ಹೊಸನಗರದಲ್ಲಿ ಲಿಂಗನಮಕ್ಕಿ ಮುಳುಗಡೆಯಲ್ಲಿ ಊರೇ ಹೋದ ಕುಟುಂಬಗಳಿಗೆ ಹಳೇ ಕಾಗದ ಹುಡುಕೋದು ಇನ್ನೂ ಕಷ್ಟ. ಹೊಸ ವಂಶವೃಕ್ಷಕ್ಕೆ ಅರ್ಜಿ ಹಾಕೋದಾದ್ರೆ ಎಲ್ಲಾ ಮಕ್ಕಳ ಹೆಸರು ಸೇರಿಸಿ, ಜುಲೈವರೆಗೆ ಕಾಯಬೇಡಿ.

ಕಾಗದ ಸರಿಯಾಯ್ತು ಅಂತಲೇ ಇಟ್ಕೊಳ್ಳಿ. ಅಫಿಡವಿಟ್‌ನಲ್ಲಿ ಇರೋದು ಏನು? "ಪೂರ್ತಿ ಶುಲ್ಕ ನಾನು ಭರಿಸ್ತೀನಿ" ಅನ್ನೋ ಪ್ರಮಾಣ. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಅನುಭವಿಸಿದವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ, ಅವರಿಗೆ ಹೆಚ್ಚು ವಿವರಿಸಬೇಕಿಲ್ಲ. ಜಾಮೀನಿನಲ್ಲಿ ಸಾಲಗಾರ ಕಟ್ಟದಿದ್ರೆ ನಿಮ್ಮ ಸರದಿ. ಇಲ್ಲಿ ಮೊದಲ ದಿನದಿಂದಲೇ ಕಟ್ಟೋನು ನಾನು ಅಂತ ಬರೆದುಕೊಟ್ಟ ಹಾಗೆ. "ಅದು ಸುಮ್ನೆ ಫಾರ್ಮಾಲಿಟಿ, ದುಡ್ಡು ಅಪ್ಪನೇ ಕಟ್ತಾರೆ" ಅಂತಾರೆ. ಹಾಗಾದ್ರೆ ಅದು ಸುಳ್ಳು ಪ್ರಮಾಣ, ಅದು ಅಪರಾಧ. ಅಪ್ಪನೇ ಕಟ್ಟೋದಾದ್ರೆ ಮಗು ಪೋಷಣೆಯಲ್ಲಿದೆ ಅನ್ನೋ ಮಾತಿಗೇ ಅರ್ಥ ಇಲ್ಲ.

ಇದು ಬರೀ ನನ್ನ ಮಡಿವಂತಿಕೆ ಅಲ್ಲ. 2024ರ ಆಗಸ್ಟ್ 20ರಂದು ಪಂಜಾಬ್ ಸರ್ಕಾರ ಚಿಕ್ಕಪ್ಪ, ಚಿಕ್ಕಮ್ಮ, ಅಜ್ಜ ಅಜ್ಜಿ, ಕಸಿನ್‌ಗಳ ಸಂಬಂಧದಲ್ಲೂ ಎನ್‌ಆರ್‌ಐ ಸೀಟು ಕೊಡಬಹುದು ಅಂತ ನಿಯಮ ಸಡಿಲ ಮಾಡಿತು. ಸೆಪ್ಟೆಂಬರ್ 10ಕ್ಕೆ ಅಲ್ಲಿನ ಹೈಕೋರ್ಟು ಅದನ್ನ ರದ್ದು ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. ಸೆಪ್ಟೆಂಬರ್ 24ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಇದು ದುಡ್ಡು ಮಾಡೋ ಯಂತ್ರ, ಇದೊಂದು ವಂಚನೆ ಅನ್ನೋ ಮಾತಲ್ಲೇ ಮೇಲ್ಮನವಿ ವಜಾ ಮಾಡಿತು. ಮೂರು ಪಟ್ಟು ಅಂಕ ತೆಗೆದ ಮಕ್ಕಳು ಸೀಟು ಕಳ್ಕೋತಾರೆ ಅಂತಲೂ ಪೀಠ ಹೇಳಿತು. ಇನ್ನೊಂದು ಕಡೆ ಪಶ್ಚಿಮ ಬಂಗಾಳ, ಒಡಿಶಾದ ಖಾಸಗಿ ಕಾಲೇಜುಗಳಲ್ಲಿ ನಕಲಿ ಎನ್‌ಆರ್‌ಐ ದಾಖಲೆಗಳ ಬಗ್ಗೆ ಜಾರಿ ನಿರ್ದೇಶನಾಲಯ ತನಿಖೆ ನಡೆಸಿತು. ಪರಿಚಯವೇ ಇಲ್ಲದ ಅನಿವಾಸಿಗಳನ್ನ ಬಂಧು ಅಂತ ತೋರಿಸೋಕೆ ವಂಶವೃಕ್ಷವನ್ನೇ ನಕಲಿ ಮಾಡಿದ್ರು ಅನ್ನೋದು ಅದರ ಆರೋಪ. ಹೆಣ್ಣುಮಕ್ಕಳ ಹೆಸರನ್ನೇ ಬಿಡೋ ವಂಶವೃಕ್ಷ ಒಂದು ಕಡೆ, ಸಂಬಂಧವೇ ಇಲ್ಲದವರನ್ನ ಸೇರಿಸೋ ವಂಶವೃಕ್ಷ ಇನ್ನೊಂದು ಕಡೆ.

ಈಗ ಲೆಕ್ಕ. ಕೆಲವು ಖಾಸಗಿ ಕಾಲೇಜುಗಳಲ್ಲಿ ಎನ್‌ಆರ್‌ಐ ಸೀಟಿನ ಶುಲ್ಕ ವರ್ಷಕ್ಕೆ 30 ಲಕ್ಷ ದಾಟುತ್ತೆ. 30 ಅಂತಲೇ ಹಿಡಿಯೋಣ. ನಾಲ್ಕೂವರೆ ವರ್ಷಕ್ಕೆ 1 ಕೋಟಿ 35 ಲಕ್ಷ. ಹಾಸ್ಟೆಲ್ಲು, ಪುಸ್ತಕ ಬೇರೆ. ರಾಶಿ ಅಡಿಕೆ ಕ್ವಿಂಟಾಲಿಗೆ 50 ಸಾವಿರ ಅಂತ ಇಟ್ಕೊಂಡ್ರೆ 270 ಕ್ವಿಂಟಾಲ್. ಎಕರೆಗೆ 8 ಕ್ವಿಂಟಾಲ್ ಬಂತು ಅಂದ್ಕೊಂಡ್ರೆ ಎರಡು ಎಕರೆ ತೋಟ ಇರೋರಿಗೆ ಹೆಚ್ಚೂಕಮ್ಮಿ 17 ವರ್ಷದ ಫಸಲು. ಕೊನೆಗೌಡರ ಸಂಬಳ, ಗೊಬ್ಬರ, ಔಷಧಿ ಯಾವುದನ್ನೂ ಕಳೀದೆ, ಒಂದು ವರ್ಷವೂ ಕೊಳೆ ಬರದೆ, ಎಲೆಚುಕ್ಕಿ ರೋಗ ತೋಟದ ಬೇಲಿ ದಾಟದೆ. ಇನ್ನು ಮಾವನೇ ಕಟ್ಟೋದಾದ್ರೆ, ಅವರ ಮನೆ ಸಾಲ, ಅವರ ಮಕ್ಕಳ ಕಾಲೇಜು ಯಾವಾಗ ಬರುತ್ತೆ ಅಂತ ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಿ. ಅಕ್ಕ ತಮ್ಮನ ಫೋನಿನಲ್ಲಿ ಮುಗಿಯೋ ಮಾತಲ್ಲ ಇದು.

ತಮ್ಮನ ಹತ್ರ ನಿಜವಾಗಲೂ ದುಡ್ಡಿದೆ, ನಿಜವಾಗಲೂ ಕೊಡ್ತಾನೆ, ನಿಯಮಕ್ಕೂ ಹೊಂದುತ್ತೆ ಅಂದ್ರೆ ನನಗೇನೂ ಆಕ್ಷೇಪ ಇಲ್ಲ, ಅದು ಕಾನೂನು ಕೊಟ್ಟ ದಾರಿ. ಆದ್ರೆ ಹೊಸನಗರದಿಂದ ಒಬ್ಬಳು ಹುಡುಗಿ ವಾಯ್ಸ್ ಮೆಸೇಜ್ ಕಳಿಸಿದ್ಲು, ಅದನ್ನೂ ಹೇಳಬೇಕು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿ ಶಾಲೆ, ಕನ್ನಡ ಮಾಧ್ಯಮ. "ನಂಗೆ ಅಮೆರಿಕದಲ್ಲಿ ಯಾರೂ ಇಲ್ಲ. ನಂಗೆ ಯಾವ ಲೆಟರ್ ಕೆಲಸಕ್ಕೆ ಬರುತ್ತೆ?"

ಅವಳಿಗೆ ಕೆಲಸಕ್ಕೆ ಬರೋ ಕಾಗದಗಳು ಹೊಸನಗರದಲ್ಲೇ ಸಿಗ್ತವೆ. ಗ್ರಾಮೀಣ ವ್ಯಾಸಂಗ ಮೀಸಲಾತಿಗೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಹತ್ತು ವರ್ಷ ಓದಿದ ಬಗ್ಗೆ ಶಾಲೆಯವರು ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿ ಸಹಿ ಹಾಕಿದ ಪ್ರಮಾಣಪತ್ರ. ನಮ್ಮ ಕಡೆ ಇದನ್ನ ಕೊನೇ ವಾರದಲ್ಲಿ ಹುಡುಕೋಕೆ ಹೊರಡ್ತಾರೆ. ಐದನೇ ಕ್ಲಾಸಿನವರೆಗೆ ಓದಿದ ಶಾಲೆ ಮುಚ್ಚಿರುತ್ತೆ, ದಾಖಲಾತಿ ಪುಸ್ತಕ ಪಕ್ಕದೂರಿನ ಶಾಲೆಗೆ ಹೋಗಿರುತ್ತೆ, ಅಲ್ಲಿನ ಮೇಷ್ಟ್ರು ತರಬೇತಿಗೆ ಅಂತ ಶಿವಮೊಗ್ಗಕ್ಕೆ ಹೋಗಿರ್ತಾರೆ. ಅವಳಿಗೆ ನಾನು ಹೇಳಿದ್ದು, ರಿಸಲ್ಟಿಗೆ ಕಾಯಬೇಡ, ನಾಳೆನೇ ಹೋಗು ಅಂತ. ಎರಡು ದಿನ ಬಿಟ್ಟು ಫೋಟೋ ಕಳಿಸಿದ್ಲು: ಒಂದು ಶಾಲೆಯ ಸೀಲ್ ಬಿದ್ದಿದೆ, ಇನ್ನೊಂದು ಶಾಲೆದು ಬಾಕಿ.

ಮುಂದಿನ ವಾರ ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಬಗ್ಗೆ ಮಾತಾಡೋಣ. ನಾಡಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರೊಬ್ಬರು ಜೊತೆಗಿರ್ತಾರೆ. ಪ್ರಶ್ನೆ ಇದ್ರೆ ಗುರುವಾರದೊಳಗೆ ಕಳಿಸಿ, ಆದಷ್ಟು ಒಂದು ನಿಮಿಷದೊಳಗೆ ಇರಲಿ.